ಮೂರು ಊರು, ಒಂದು ಕಣಜ

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಮಕಾರದ ಊರುಗಳು. ನಕ್ಷೆಯಲ್ಲಿ ಗೆರೆ ಎಳೆದು ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. ಯಾವ ಮೂಲೆಯಿಂದ ಹೊರಟರೂ ಇನ್ನೊಂದು ಮೂಲೆಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಡುವೆ ಗದ್ದೆ, ಕಬ್ಬು, ನಾಲೆ, ಅಲ್ಲೊಂದು ಇಲ್ಲೊಂದು ಆಲೆಮನೆಯ ಹೊಗೆ. ಇಷ್ಟು ಸಣ್ಣ ತ್ರಿಕೋನದೊಳಗೆ ಒಂದು ಪುಸ್ತಕ ಕಳೆದುಹೋಗಬಹುದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಕಳೆದುಹೋಯಿತು. ಪೂರ್ತಿಯಲ್ಲ, ಹನ್ನೊಂದು ಪುಟ. ಆ ಹನ್ನೊಂದು ಪುಟ ಹೋದದ್ದು ಹೇಗೆಂದು ವಿಚಾರಿಸುತ್ತ ಹೊರಟ ನನಗೆ, ಅಂಥದೇ ತಾಪತ್ರಯದಿಂದ ಪಾರಾಗಲು ಲೋಕದ ಬೇರೆ ಬೇರೆ ಮೂಲೆಯ ಜನ ಕಟ್ಟಿಕೊಂಡ ಒಂದು ವ್ಯವಸ್ಥೆಯ ಚರಿತ್ರೆ ಎದುರಾಯಿತು. ತಂತ್ರಾಂಶ ಬರೆಯುವವರು ಅದನ್ನು ರೆಪಾಸಿಟರಿ ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಕಣಜ ಎಂದರೆ ಅರ್ಥವೇನೂ ಕೆಡುವುದಿಲ್ಲ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬಿದ 1997ರಲ್ಲಿ ನಾವು ಮೂವರು ಸೇರಿ ಒಂದು ಸ್ಮರಣ ಸಂಚಿಕೆ ತರಲು ಹೊರಟೆವು. ಮಂಡ್ಯದಲ್ಲಿ ನಾನು, ಮದ್ದೂರಿನಲ್ಲಿ ಒಬ್ಬ ಮೇಷ್ಟ್ರು, ಮಳವಳ್ಳಿಯಲ್ಲಿ ಕಚೇರಿಯಿಂದ ನಿವೃತ್ತರಾಗಿದ್ದ ಗೆಳೆಯರೊಬ್ಬರು. ನಾಲೆ ಬಂದ ಮೇಲೆ ಮಂಡ್ಯದ ಬಾಳು ಬದಲಾದದ್ದು ನನ್ನ ಪಾಲು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದ ಕಥೆ ಮಳವಳ್ಳಿಯವರದು. ಮದ್ದೂರಿನ ಮೇಷ್ಟ್ರದು ಎಲ್ಲಕ್ಕಿಂತ ದೊಡ್ಡ ಕೆಲಸ: 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹವನ್ನು ಕಣ್ಣಾರೆ ಕಂಡವರ ಮಾತು ಸಂಗ್ರಹಿಸುವುದು. ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆ ಮುರಿದು ಬಾವುಟ ಏರಿಸಿದ್ದು ಪುಸ್ತಕಗಳಲ್ಲಿ ಇದೆ. ಆದರೆ ಅಂದು ಹನ್ನೆರಡು ವರ್ಷದ ಹುಡುಗನಾಗಿ ಗುಂಪಿನಲ್ಲಿ ನುಸುಳಿಕೊಂಡಿದ್ದ ಅಜ್ಜನೊಬ್ಬನ ನೆನಪು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೇಷ್ಟ್ರು ಅವನ ಜಗಲಿಯ ಮೇಲೆ ಎರಡು ಸಲ ಕೂತು ಬರೆದುಕೊಂಡು ಬಂದರು.

ಆಗ ಊರೂರಿಗೆ ಡಿಟಿಪಿ ಅಂಗಡಿಗಳು ಬಂದಿದ್ದ ಕಾಲ. ಮೂರು ಊರಿನಲ್ಲಿ ಮೂರು ಅಂಗಡಿ, ಮೂವರು ಹುಡುಗರು. ಟೈಪು ಮಾಡಿದ್ದನ್ನು ಫ್ಲಾಪಿಗೆ ಹಾಕಿಕೊಂಡು ಬಸ್ಸಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸುತ್ತಿದ್ದೆವು. ಕಡತಗಳಿಗೆ ನಾವು ಇಟ್ಟ ಹೆಸರುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ: ಶಿವಪುರ, ಶಿವಪುರ ಹೊಸದು, ಶಿವಪುರ ಫೈನಲ್, ಶಿವಪುರ ಫೈನಲ್ ಎರಡು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂಬುದು ಅದಕ್ಕೆ ಹೆಸರಿಟ್ಟವನ ತಲೆಯಲ್ಲಿ ಮಾತ್ರ ಇತ್ತು. ಎರಡನೆಯ ಭೇಟಿಯ ಹನ್ನೊಂದು ಪುಟ ಮದ್ದೂರಿನಲ್ಲಿ ಟೈಪಾಗಿ ಮಂಡ್ಯಕ್ಕೆ ಬಂತು. ಅದರ ಮೇಲೆಯೇ ನಾವು ಹಳೆಯ ಕಡತವನ್ನು ನಕಲು ಮಾಡಿಬಿಟ್ಟೆವು. ಪುಸ್ತಕ ಅಚ್ಚಾಗಿ ಬಂದಾಗ ಅಜ್ಜನ ಮಾತು ಅರ್ಧಕ್ಕೇ ನಿಂತಿತ್ತು. ಕೈಬರಹವಾದರೂ ಇರಬೇಕಲ್ಲ ಎಂದು ಓಡಿದರೆ, ಟೈಪಾದ ಮೇಲೆ ಇನ್ನೇಕೆಂದು ಅದು ರದ್ದಿಗೆ ಹೋಗಿತ್ತು. ಮತ್ತೊಮ್ಮೆ ಹೋಗಿ ಕೇಳೋಣವೆಂದು ಮೇಷ್ಟ್ರು ಹೇಳುತ್ತಲೇ ಇದ್ದರು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅಜ್ಜ ಹೋಗಿಬಿಟ್ಟ.

ತಪ್ಪು ಯಾರದೆಂದು ಆಗ ಮೂವರೂ ಸ್ವಲ್ಪ ಕಾಲ ಮುಖ ದಪ್ಪ ಮಾಡಿಕೊಂಡಿದ್ದೆವು. ಎಷ್ಟೋ ವರ್ಷಗಳ ನಂತರ ನನ್ನ ತಮ್ಮನ ಮಗ ಹಬ್ಬಕ್ಕೆ ಮನೆಗೆ ಬಂದಿದ್ದಾಗ ಈ ಮಾತು ಬಂತು. ಕೆ. ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಕಟ್ಟಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಹುಡುಗ. ಎಲ್ಲವನ್ನೂ ಕೇಳಿ, "ತಪ್ಪು ನಿಮ್ಮ ಮೂವರದ್ದೂ ಅಲ್ಲ ಕಣ್ ದೊಡ್ಡಪ್ಪ. ಕಣಜ ಇಲ್ದೆ ಮೂರು ಮನೇಲಿ ಬೀಜ ಇಟ್ಕಂಡ್ರಲ್ಲ, ಅದು ತಪ್ಪು" ಎಂದ. ಮಗ್ಗಿಯಂತೆ ಸಲೀಸಾಗಿ ಹೇಳಿದ ಈ ಮಾತನ್ನು ಬಿಡಿಸಿ ಹೇಳೆಂದು ಕೂರಿಸಿಕೊಂಡೆ. ಅವನು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಭತ್ತ ಬೆಳೆಯುವವರಿಗೆ ತಂತ್ರಾಂಶ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ ಗಿರಣಿಯಿಂದ ಬಂದ ಅಕ್ಕಿಯಂತೆ. ಬೇಯಿಸಿ ಉಣ್ಣಬಹುದು, ಬಿತ್ತಿದರೆ ಮೊಳೆಯದು. ಅದಕ್ಕೆ ಮುಂಚೆ ಮನುಷ್ಯರು ಓದಿ ಅರ್ಥ ಮಾಡಿಕೊಳ್ಳಬಲ್ಲ ಆಜ್ಞೆಗಳ ಒಂದು ಬರಹವಿರುತ್ತದೆ. ಅದು ಬಿತ್ತನೆ ಭತ್ತ. ಅದಕ್ಕೆ ಮೂಲ ಎಂದೋ ಆಕರ ಎಂದೋ ಹೆಸರು. ಆಕರವನ್ನು ಗಿರಣಿಗೆ ಹಾಕಿ ಅಕ್ಕಿ ಮಾಡುವ ಕೆಲಸ ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶದ್ದು. ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಉಣ್ಣುವವನು ಉಗುಳಬಹುದು, ಅಷ್ಟೆ. ತಳಿಯನ್ನು ಸರಿಪಡಿಸಬೇಕೆಂದರೆ ಬೀಜ ಕೈಯಲ್ಲಿರಬೇಕು. ನಮ್ಮ ಹಿರಿಯರು ಉಣ್ಣುವ ರಾಗಿಯನ್ನು ಹಗೇವಿಗೆ ಹಾಕಿದರೂ ಬಿತ್ತನೆಯದನ್ನು ಬೂದಿ, ಬೇವಿನ ಸೊಪ್ಪು ಬೆರೆಸಿ ಗುಡಾಣದಲ್ಲಿ ಬೇರೆಯಾಗಿ ಇಡುತ್ತಿದ್ದದ್ದು ಈ ಕಾರಣಕ್ಕೆ.

ಬೀಜ ಕೈಯಲ್ಲಿಲ್ಲದವನ ಕಷ್ಟ ಅಮೆರಿಕದವರಿಗೂ ಬಂದಿತ್ತು. ಎಂಐಟಿ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ 1980ರ ಸುಮಾರಿಗೆ ಒಂದು ಲೇಸರ್ ಮುದ್ರಣ ಯಂತ್ರ ಬಂತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ಸುದ್ದಿ ಹೋಗುವಂತೆ ಹಿಂದಿನ ಯಂತ್ರದಲ್ಲಿ ಏರ್ಪಾಡು ಮಾಡಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಹೊಸದರಲ್ಲೂ ಮಾಡಹೊರಟರು. ಆದರೆ ಅದರ ತಂತ್ರಾಂಶದ ಆಕರವನ್ನು ಕೊಡುವವರಿರಲಿಲ್ಲ. ಇಂಥ ಅನುಭವಗಳಿಂದ ಬೇಸತ್ತ ಅವರು ಆಕರ ಎಲ್ಲರಿಗೂ ಸಿಗುವಂಥ ತಂತ್ರಾಂಶಗಳ ಒಂದು ಪೂರ್ಣ ಸಂಸಾರವನ್ನೇ ಕಟ್ಟುವುದಾಗಿ 1983ರಲ್ಲಿ ಸಾರಿದರು. ಅದಕ್ಕೆ ಗ್ನೂ ಎಂದು ಹೆಸರು. ಅದರ ಕಂಪೈಲರ್ 1987ರಲ್ಲಿ ಹೊರಬಂತು.

ಬೀಜ ಇದ್ದರಷ್ಟೇ ಸಾಲದು, ಅದರ ವಂಶಾವಳಿಯೂ ಗೊತ್ತಿರಬೇಕು. ಯಾರು ಯಾವಾಗ ಏನನ್ನು ಏಕೆ ತಿದ್ದಿದರು ಎಂಬ ಲೆಕ್ಕ ಇಡಲು ಯಂತ್ರವನ್ನೇ ಹಚ್ಚಿದವರಲ್ಲಿ ಮೊದಲಿಗರು ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್. ಅವರು 1972ರಲ್ಲಿ ರಚಿಸಿದ ವ್ಯವಸ್ಥೆಗೆ ಎಸ್‌ಸಿಸಿಎಸ್ ಎಂದು ಹೆಸರು. ಪ್ರತಿ ತಿದ್ದುಪಡಿಯೂ ಅಳಿಯದೆ ಒಂದೇ ಕಡತದಲ್ಲಿ ಉಳಿಯುತ್ತಿತ್ತು. ಬೇಕೆಂದಾಗ ಹಿಂದಿನ ಯಾವ ರೂಪವನ್ನಾದರೂ ಮತ್ತೆ ತೆಗೆಯಬಹುದಿತ್ತು. ಹತ್ತು ವರ್ಷದ ನಂತರ, 1982ರಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಷಿ ಅವರ ಆರ್‌ಸಿಎಸ್ ಬಂತು. ಅದು ಇತ್ತೀಚಿನ ರೂಪವನ್ನು ಪೂರ್ತಿಯಾಗಿ ಇಟ್ಟುಕೊಂಡು, ಹಿಂದಿನ ರೂಪಗಳಿಗೆ ಹೋಗಲು ಬೇಕಾದ ವ್ಯತ್ಯಾಸಗಳನ್ನು ಮಾತ್ರ ಜೋಪಾನ ಮಾಡುತ್ತಿತ್ತು. ನಿತ್ಯ ಬೇಕಾಗುವುದು ಹೊಸದೇ ತಾನೆ? ಆದರೆ ಎರಡರಲ್ಲೂ ರೂಢಿ ಒಂದೇ: ತಿದ್ದುವವನು ಮೊದಲು ಕಡತಕ್ಕೆ ಬೀಗ ಹಾಕಬೇಕು. ಅವನು ಬಿಡುವವರೆಗೆ ಮತ್ತೊಬ್ಬ ತಿದ್ದುವಂತಿಲ್ಲ. ಗ್ರಂಥಾಲಯದಿಂದ ಪುಸ್ತಕ ಒಯ್ದವನು ಊರಿಗೆ ಹೋದರೆ ಉಳಿದವರು ಬಾಯಿ ಬಿಟ್ಟು ಕಾಯಬೇಕಾದಂತೆ.

ಇದಕ್ಕೆ ಉಪಾಯ ಕಂಡದ್ದು ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯವೊಂದರ ಅಧ್ಯಾಪಕ ಡಿಕ್ ಗ್ರೂನೆ. ಅವರೂ ಅವರ ಇಬ್ಬರು ವಿದ್ಯಾರ್ಥಿಗಳೂ ಸೇರಿ ಒಂದು ಕಂಪೈಲರ್ ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಿಗ್ಗೆ ಬಂದು ಸಂಜೆ ಹೋಗುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಮೇಷ್ಟ್ರಿಗೆ ಸಂಜೆ ಮಾತ್ರ ಬಿಡುವು. ಬೀಗ ಹಾಕಿಕೊಂಡು ಕೂತರೆ ಮೂವರ ಕೆಲಸವೂ ಸಾಗದು. ಆದ್ದರಿಂದ ಗ್ರೂನೆ ಬೀಗವನ್ನೇ ತೆಗೆದರು. ಆಕರ ಒಂದು ಕಡೆ ಇರುತ್ತದೆ. ಪ್ರತಿಯೊಬ್ಬನೂ ತನ್ನದೊಂದು ಪ್ರತಿ ತೆಗೆದುಕೊಂಡು ತನಗೆ ಬಿಡುವಾದಾಗ ತಿದ್ದುತ್ತಾನೆ. ಹಿಂದಿರುಗಿಸುವಾಗ ಯಂತ್ರ ಎಲ್ಲರ ತಿದ್ದುಪಡಿಗಳನ್ನೂ ಸಾಲು ಸಾಲಾಗಿ ಹೋಲಿಸಿ ಕೂಡಿಸುತ್ತದೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ತಿದ್ದಿದ್ದರೆ ಯಂತ್ರ ತಾನಾಗಿ ತೀರ್ಮಾನ ಮಾಡುವುದಿಲ್ಲ. ಎರಡನ್ನೂ ಎದುರುಬದುರು ಇಟ್ಟು, ನೀವೇ ಮಾತಾಡಿಕೊಳ್ಳಿ ಎನ್ನುತ್ತದೆ. ಸಿವಿಎಸ್ ಎಂಬ ಈ ವ್ಯವಸ್ಥೆಯನ್ನು ಗ್ರೂನೆ 1986ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 1989ರಲ್ಲಿ ಬ್ರಯನ್ ಬರ್ಲಿನರ್ ಅದನ್ನು ಹೊಸದಾಗಿ ಬರೆದ ಮೇಲೆ ಲೋಕವೆಲ್ಲ ಹರಡಿತು.

ಇದನ್ನು ಓದಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಹತ್ತಲಿಲ್ಲ. ಅಲ್ಲಿಯೂ ಮೂವರು, ಇಲ್ಲಿಯೂ ಮೂವರು. ಅಲ್ಲಿಯೂ ಒಬ್ಬ ಮೇಷ್ಟ್ರು. ನಾವು ಫ್ಲಾಪಿಯನ್ನು ಬಸ್ಸಿಗೆ ಹತ್ತಿಸುವುದಕ್ಕೆ ಹನ್ನೊಂದು ವರ್ಷ ಮೊದಲೇ ನಮ್ಮ ರೋಗಕ್ಕೆ ಮದ್ದು ತಯಾರಾಗಿತ್ತು. ನಮ್ಮ ಮೂರು ಅಂಗಡಿಗಳ ಹುಡುಗರಿಗೆ ಅದರ ಹೆಸರೂ ಗೊತ್ತಿರಲಿಲ್ಲ, ಅಷ್ಟೆ.

ಇನ್ನು, ಒಂದು ಕಡತವಲ್ಲ, ಹಲವು ಮನೆಗಳ ಆಕರಗಳನ್ನು ಒಂದೇ ಕಣಜಕ್ಕೆ ತಂದು ಒಟ್ಟಿಗೆ ಕಟ್ಟುವ ವಿಷಯ. ಕಟ್ಟುವುದು ಎಂದರೆ ಬೀಜದಿಂದ ಅಕ್ಕಿಯವರೆಗಿನ ಎಲ್ಲ ಕೆಲಸ. ಇದಕ್ಕೆ ಬೇಕಾದ ಮೇಸ್ತ್ರಿ ಮೇಕ್ ಎಂಬ ಪುಟ್ಟ ತಂತ್ರಾಂಶ. 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿಯೇ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದರು. ಅವರ ಸಹೋದ್ಯೋಗಿಯೊಬ್ಬರು ಒಂದು ಬೆಳಗೆಲ್ಲ ಒಂದು ತಪ್ಪನ್ನು ಹುಡುಕಿ ಸುಸ್ತಾಗಿದ್ದರಂತೆ. ಕೊನೆಗೆ ನೋಡಿದರೆ ಆಕರದಲ್ಲಿ ತಪ್ಪನ್ನು ಆಗಲೇ ತಿದ್ದಿಯಾಗಿತ್ತು. ತಿದ್ದಿದ್ದನ್ನು ಮತ್ತೆ ಗಿರಣಿಗೆ ಹಾಕುವುದನ್ನೇ ಮರೆತಿದ್ದರು. ಮೇಕ್ ಮಾಡುವುದು ಇಷ್ಟೆ: ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿ ನೋಡಿಕೊಂಡು, ಯಾವ ಕಡತ ಯಾವಾಗ ತಿದ್ದಲ್ಪಟ್ಟಿತೆಂದು ಹೋಲಿಸಿ, ಬದಲಾದುದನ್ನೂ ಅದನ್ನು ನಂಬಿದವನ್ನೂ ಸರದಿಯ ಪ್ರಕಾರ ಮತ್ತೆ ಕಟ್ಟುತ್ತದೆ. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಡುವಾಗ ಮೊದಲು ಮೇನ್ ನಾಲೆ, ಆಮೇಲೆ ಉಪನಾಲೆ, ಕೊನೆಗೆ ಗದ್ದೆಯ ತೂಬು ಎಂಬ ಕ್ರಮವಿದೆಯಲ್ಲ, ಅಂಥದೇ ಒಂದು ಕ್ರಮ.

ಗ್ನೂ ಸಂಸಾರದಲ್ಲಿ ಕಂಪೈಲರ್ ಒಬ್ಬಂಟಿಯಲ್ಲ. ಅದು ಕೊಟ್ಟದ್ದನ್ನು ಯಂತ್ರದ ಭಾಷೆಗೆ ಇಳಿಸಲು ಅಸೆಂಬ್ಲರ್ ಬೇಕು. ತುಂಡುಗಳನ್ನು ಬೆಸೆಯಲು ಲಿಂಕರ್ ಬೇಕು, ತಪ್ಪು ಹುಡುಕಲು ಡಿಬಗ್ಗರ್ ಬೇಕು, ಸಾಮಾನ್ಯ ಕೆಲಸಗಳ ಕೈಪೆಟ್ಟಿಗೆಯಂತೆ ಒಂದು ಲೈಬ್ರರಿ ಬೇಕು. ಇವೆಲ್ಲ ಬೇರೆ ಬೇರೆ ಕೈಗಳಲ್ಲಿ ಬೆಳೆದವು. ಒಂದರ ಹೊಸ ರೂಪಕ್ಕೆ ಇನ್ನೊಂದರ ಹಳೆಯ ರೂಪ ಹೊಂದುತ್ತಿರಲಿಲ್ಲ. 1989ರಲ್ಲಿ ಜಾನ್ ಗಿಲ್ಮೋರ್, ಮೈಕೆಲ್ ಟೀಮನ್ ಮತ್ತು ಡೇವಿಡ್ ಹೆಂಕೆಲ್-ವಾಲೇಸ್ ಎಂಬವರು ಸಿಗ್ನಸ್ ಎಂಬ ಕಂಪನಿ ತೆರೆದರು. ಎಲ್ಲರಿಗೂ ಸಿಗುವ ಈ ತಂತ್ರಾಂಶಗಳನ್ನು ಬಗೆಬಗೆಯ ಯಂತ್ರಗಳಿಗೆ ಹೊಂದಿಸಿ, ದುರಸ್ತಿ ಮಾಡಿಕೊಡುವುದೇ ಅದರ ಕಸುಬು. ಅಲ್ಲಿ ಈ ಅಣ್ಣತಮ್ಮಂದಿರನ್ನೆಲ್ಲ ಒಂದೇ ಸೂರಿನ ಕೆಳಗೆ ತಂದರು. ಒಂದು ದೊಡ್ಡ ಕಡತಕೋಶ. ಅದರೊಳಗೆ ಅಕ್ಕಪಕ್ಕದಲ್ಲಿ ಪ್ರತಿಯೊಂದರ ಆಕರ. ಮೇಲೆ ಒಬ್ಬ ಯಜಮಾನ. ಯಜಮಾನ ಮೊದಲು ಈ ಯಂತ್ರ ಯಾವುದು, ಯಾರಿಗಾಗಿ ಕಟ್ಟಬೇಕು, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ವಿಚಾರಿಸುತ್ತಾನೆ. ಆಮೇಲೆ ಮೇಕ್‌ಗೆ ಒಂದೇ ಒಂದು ಆಜ್ಞೆ ಕೊಟ್ಟರಾಯಿತು. ಅಸೆಂಬ್ಲರ್, ಲಿಂಕರ್‌ಗಳು ತಯಾರಾಗಿ, ಅವುಗಳ ನೆರವಿನಿಂದ ಕಂಪೈಲರ್ ಕೆಲಸಕ್ಕೆ ನಿಂತು, ಆ ಕಂಪೈಲರಿನಿಂದ ಲೈಬ್ರರಿ ಸಿದ್ಧವಾಗುತ್ತದೆ.

ಕೂಡುಕುಟುಂಬ ಎಂದ ಮೇಲೆ ಜಗಳ ಇಲ್ಲದೆ ಇದ್ದೀತೆ? ಈ ಮನೆಗಳಿಗೆಲ್ಲ ಸಾಮಾನ್ಯವಾದ ಕೆಲವು ಪಾತ್ರೆಪಡಗಗಳಿದ್ದವು. ಲಿಬ್‌ಐಬರ್ಟಿ ಎಂಬ ಲೈಬ್ರರಿ ಅಂಥದು. ಬೆಸೆಯುವಾಗ ಕೊಡುವ ಆಜ್ಞೆಯಲ್ಲಿ ಅದರ ಹೆಸರು ಲಿಬರ್ಟಿ, ಎಂದರೆ ಸ್ವಾತಂತ್ರ್ಯ, ಎಂದು ಕಾಣುವ ಹಾಗೆ ಯಾರೋ ತಮಾಷೆಗೆ ಇಟ್ಟ ಹೆಸರು. ಕಂಪೈಲರಿನ ಮನೆಯವರೂ ಲಿಂಕರಿನ ಮನೆಯವರೂ ತಮ್ಮ ತಮ್ಮ ಕೋಶದಲ್ಲಿ ಇದರದೊಂದು ಪ್ರತಿ ಇಟ್ಟುಕೊಂಡಿರುತ್ತಾರೆ. ಎರಡು ಕೋಶವನ್ನೂ ಒಂದರ ಮೇಲೊಂದು ಸುರಿದರೆ ಹಳೆಯ ಪ್ರತಿ ಹೊಸದನ್ನು ಮುಚ್ಚಿಬಿಡುವ ಸಂಭವವಿದೆ. ಕಟ್ಟಡ ನಡುವೆಯೇ ನಿಲ್ಲುತ್ತದೆ; ಯಾಕೆ ನಿಂತಿತೆಂದು ಹೊಸಬನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಕೂಡಿಸುವವನು ಮೊದಲು ಹಳೆಯದನ್ನು ಹಾಕಿ, ಅದರ ಮೇಲೆ ಹೊಸದನ್ನು ಹಾಕಬೇಕು. ಸಾಧ್ಯವಾದರೆ ಎರಡೂ ಒಂದೇ ಕಾಲದವಾಗಿರಬೇಕು. ನಮ್ಮ ತಮ್ಮನ ಮಗ ಇದನ್ನು ಹೇಳುತ್ತಿದ್ದಾಗ ನಾನು ಏನೂ ಮಾತಾಡಲಿಲ್ಲ. ಅಜ್ಜನ ಹನ್ನೊಂದು ಪುಟ ಹೋದದ್ದು ಇದೇ ದಾರಿಯಲ್ಲಿ. ಹೊಸದರ ಮೇಲೆ ಹಳೆಯದನ್ನು ಸುರಿದಿದ್ದೆವು.

ಕೂಡಿರಬೇಕೆ, ಪಾಲಾಗಬೇಕೆ ಎಂಬ ಚರ್ಚೆ ತಂತ್ರಾಂಶದವರಲ್ಲಿ ಇನ್ನೂ ಮುಗಿದಿಲ್ಲ. ಗ್ನೂ ಮನೆಯಲ್ಲಿ ಕಂಪೈಲರಿಗೆ ಬೇರೆ ಕಣಜವಿದೆ. ಅಸೆಂಬ್ಲರ್, ಲಿಂಕರ್, ಡಿಬಗ್ಗರ್‌ಗಳು 2013ರಿಂದ ಒಂದೇ ಗಿಟ್ ಕಣಜದಲ್ಲಿವೆ. ಗೂಗಲ್ ಕಂಪನಿಯದು ಪೂರ್ತಿ ಕೂಡುಕುಟುಂಬ. 2015ರ ಜನವರಿಯ ಲೆಕ್ಕದಂತೆ ಅದರ ಒಂದೇ ಕಣಜದಲ್ಲಿ ಸುಮಾರು ನೂರು ಕೋಟಿ ಕಡತಗಳು, ಆಕರದ 200 ಕೋಟಿ ಸಾಲುಗಳು, 86 ಟೆರಾಬೈಟ್ ಸರಕು ಇದ್ದವು. ಒಟ್ಟಿಗಿದ್ದರೆ ಲಾಭವೇನೆಂದರೆ, ಒಂದು ಪಾತ್ರೆಯ ಆಕಾರ ಬದಲಿಸಿದವನು ಅದನ್ನು ಬಳಸುವ ಎಲ್ಲ ಒಲೆಗಳನ್ನೂ ಅದೇ ದಿನ ಸರಿಮಾಡಬಹುದು. ಕಷ್ಟವೇನೆಂದರೆ ಅಷ್ಟು ದೊಡ್ಡ ಅಡುಗೆಮನೆಯನ್ನು ನಡೆಸಲು ಅಷ್ಟೇ ದೊಡ್ಡ ಕೈ ಬೇಕು. ಸಣ್ಣವರು ಗೂಗಲ್ಲನ್ನು ನೋಡಿ ಕಣಜ ಕಟ್ಟುವುದು, ಅರಮನೆ ನೋಡಿ ಗುಡಿಸಲಿಗೆ ಕಂಬ ನಿಲ್ಲಿಸಿದಂತಾದೀತು.

ಕಣಜದ ಬೀಗದ ಕೈ ಯಾರಲ್ಲಿರಬೇಕು ಎಂಬ ಪ್ರಶ್ನೆ 2005ರಲ್ಲಿ ಎದ್ದಿತು. ಲಿನಕ್ಸ್ ಎಂಬ ತಂತ್ರಾಂಶದ ಸಾವಿರಾರು ಕೆಲಸಗಾರರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಕಂಪನಿಯ ಕಣಜವನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. ಕಂಪನಿ ಆ ಸವಲತ್ತನ್ನು ಹಿಂದೆಗೆದುಕೊಂಡಿತು. ಲಿನಕ್ಸಿನ ಮೂಲಪುರುಷ ಲೈನಸ್ ಟೋರ್ವಾಲ್ಡ್ಸ್ ಏಪ್ರಿಲ್ 3ರಂದು ಕೂತು ಹೊಸದೊಂದನ್ನು ಬರೆಯತೊಡಗಿದರು; ಏಪ್ರಿಲ್ 7ಕ್ಕೆ ಅದು ತನ್ನದೇ ಆಕರವನ್ನು ತನ್ನೊಳಗೆ ಇಟ್ಟುಕೊಳ್ಳುವಷ್ಟು ಬೆಳೆದಿತ್ತು. ಅದೇ ಗಿಟ್. ಇದರಲ್ಲಿ ನಡುವಿನ ಕಣಜ ಎಂಬುದೇ ಅಗತ್ಯವಿಲ್ಲ. ಪ್ರತಿ ತೆಗೆದುಕೊಂಡ ಪ್ರತಿಯೊಬ್ಬನ ಮನೆಯಲ್ಲೂ ಮೊದಲ ದಿನದಿಂದ ಇವತ್ತಿನವರೆಗಿನ ಇಡೀ ಚರಿತ್ರೆ ಇರುತ್ತದೆ. ಪ್ರತಿ ತಿದ್ದುಪಡಿಗೂ ನಲವತ್ತು ಅಕ್ಷರಗಳ ಒಂದು ಹೆಬ್ಬೆಟ್ಟಿನ ಗುರುತು. ಆ ಗುರುತಿನಲ್ಲಿ ಹಿಂದಿನ ತಿದ್ದುಪಡಿಯ ಗುರುತೂ ಸೇರಿರುತ್ತದೆ. ಹಳೆಯ ಒಂದು ಸಾಲನ್ನು ಯಾರಾದರೂ ಗುಟ್ಟಾಗಿ ಬದಲಿಸಿದರೆ ಅಲ್ಲಿಂದ ಮುಂದಿನ ಗುರುತುಗಳೆಲ್ಲ ತಾಳೆ ತಪ್ಪುತ್ತವೆ. ನಮ್ಮ ಪಹಣಿ ಪುಸ್ತಕಗಳಿಗೆ ಇಂಥದೊಂದು ಗುಣ ಮೊದಲಿನಿಂದ ಇದ್ದಿದ್ದರೆ ಎಷ್ಟು ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತದೆ ಇರುತ್ತಿದ್ದರೋ.

ಇಷ್ಟೆಲ್ಲ ಹೊರಗಿನ ಮಾತಾಯಿತು. ಕನ್ನಡಕ್ಕೆ ಇದರಿಂದ ಏನು? ನಮ್ಮ ಸಂಚಿಕೆಯ ಒಂದು ಫ್ಲಾಪಿ ಮಳವಳ್ಳಿಯ ಗೆಳೆಯರ ಅಟ್ಟದಲ್ಲಿ ಸಿಕ್ಕಿತು. ಹನ್ನೊಂದು ಪುಟ ಅದರಲ್ಲಿರಲಿಲ್ಲ. ಇದ್ದದ್ದು ಶಿವನಸಮುದ್ರದ ಲೇಖನ. ತೆರೆದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡ ಒಂದು ಗೋಜಲು. ಹುಡುಗ ವಿವರಿಸಿದ. ಆ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಕಂಪ್ಯೂಟರಿಗೆ ಕನ್ನಡವೇ ಗೊತ್ತಿರಲಿಲ್ಲ. ತಲಕಟ್ಟು, ಗುಡಿಸು, ಕೊಂಬು, ಒತ್ತು ಎಂದು ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಒಂದೊಂದು ತುಂಡು ಕೂರಿಸಿದ್ದರು. ಯಾವ ತುಂಡು ಯಾವ ಜಾಗದಲ್ಲಿ ಎಂಬುದು ಒಂದೊಂದು ಕಂಪನಿಗೆ ಒಂದೊಂದು ಥರ. ಆ ಕಂಪನಿಯ ಅಕ್ಷರಶೈಲಿ ಇಲ್ಲದಿದ್ದರೆ ಬರಹ ಬರೀ ಗೀಚು. ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ 1991ರಲ್ಲಿಯೇ ಕನ್ನಡಕ್ಕೆ 128 ಮನೆಗಳು ದೊರೆತಿದ್ದವು. ಆದರೆ ಅದು ನಮ್ಮ ಬೀದಿಯ ಅಂಗಡಿಗಳಿಗೆ ಇಳಿಯಲು ವರ್ಷಗಳೇ ಹಿಡಿದವು.

ಈಗ ಅಂಥ ಹಳೆಯ ಬರಹಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ತುಂಡುಗಳ ಪಟ್ಟಿಯನ್ನು ಆಕರದ ಸಮೇತ ಎಲ್ಲರೆದುರು ಇಟ್ಟ ಕನ್ನಡಿಗರಿಂದ ಇದು ಸಾಧ್ಯವಾಯಿತು. ಅಕ್ಷರಶೈಲಿಗಳ ಕಥೆಯೂ ಹಾಗೆಯೇ. ಒಂದು ಅಕ್ಷರಶೈಲಿಗೂ ಆಕರವಿರುತ್ತದೆ: ಪ್ರತಿ ಅಕ್ಷರದ ಹೊರಗೆರೆ, ಯಾವ ವ್ಯಂಜನಕ್ಕೆ ಯಾವ ಒತ್ತು ಹೇಗೆ ಕೂರಬೇಕೆಂಬ ನಿಯಮ. ಡೆಬಿಯನ್ ಎಂಬ ಸಂಸ್ಥೆ 1993ರಿಂದ ಸಾವಿರಾರು ತಂತ್ರಾಂಶಗಳನ್ನು ಒಂದೆಡೆ ಕೂಡಿಸುತ್ತ ಬಂದಿದೆ. ಆಕರ ಕೊಡದ ತಂತ್ರಾಂಶಕ್ಕೆ ನಮ್ಮ ಕಣಜದಲ್ಲಿ ಜಾಗವಿಲ್ಲ ಎಂಬ ಕಟ್ಟಲೆಯನ್ನು ಅದು 1997ರ ಜುಲೈನಲ್ಲಿ ಅಂಗೀಕರಿಸಿತು. ನಾವು ಕೈಬರಹವನ್ನು ರದ್ದಿಗೆ ಹಾಕಿದ ಅದೇ ವರ್ಷ. ಅದರಲ್ಲಿರುವ ಕನ್ನಡದ ಅಕ್ಷರಶೈಲಿಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ ಮತ್ತು ನವಿಲು ಸೇರಿವೆ. ಗುಬ್ಬಿ, ನವಿಲುಗಳನ್ನು ಅರವಿಂದ ವಿ. ಕೆ. ಅವರು ರೂಪಿಸಿ ಆಕರದೊಂದಿಗೆ ಕೊಟ್ಟರು. ಒಂದು ಒತ್ತು ಓರೆಯಾಗಿ ಕಂಡರೆ ಯಾರು ಬೇಕಾದರೂ ತೆಗೆದು ತಿದ್ದಬಹುದು. ಮುಚ್ಚಿದ ಅಂಗಡಿಯ ಬಾಗಿಲು ತಟ್ಟಬೇಕಾಗಿಲ್ಲ.

ಹಾಗೆಂದು ಕಣಜವೇ ಶಾಶ್ವತ ಎಂದೂ ಇಲ್ಲ. ಗಿಟೋರಿಯಸ್ ಎಂಬ ಕಣಜ 2015ರಲ್ಲಿ ಬಾಗಿಲು ಹಾಕಿತು. ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು. ಲೋಹಿತ್ ಇದ್ದ ಫೆಡೋರಾ ಹೋಸ್ಟೆಡ್ 2017ರಲ್ಲಿ ನಿಂತಿತು. ಮನೆಮನೆಯಲ್ಲಿ ಪೂರ್ತಿ ಪ್ರತಿ ಇದ್ದವರ ಆಕರ ಬೇರೆ ಕಡೆ ಚಿಗುರಿಕೊಂಡಿತು. ಒಂದೇ ಕಡೆ ಇಟ್ಟು ಮರೆತವರದು ಹೋಯಿತು. ಒಟ್ಟಿಗಿಡುವುದು ಎಷ್ಟು ಮುಖ್ಯವೋ ಹಂಚಿಡುವುದೂ ಅಷ್ಟೇ ಮುಖ್ಯ. ಇದನ್ನು ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕೂಡಿಸಿಟ್ಟಿದ್ದಾರೆ. ಬೀಜವನ್ನು ಸೀಸೆಯಲ್ಲಿಟ್ಟರೆ ಸಾಯುತ್ತದೆ. ಮತ್ತೆ ಮತ್ತೆ ಬಿತ್ತಿ ಬೆಳೆದು ಹೊಸ ಬೀಜ ತೆಗೆದಿಡಬೇಕು, ಕೇಳಿ ಬಂದ ರೈತರಿಗೂ ಕೊಡಬೇಕು. ಮಂಡ್ಯದ ವಿ. ಸಿ. ಫಾರಂನಲ್ಲಿ ರೂಪುಗೊಂಡ ಕೆಆರ್‌ಎಚ್-2 ಎಂಬ ಹೈಬ್ರಿಡ್ ಭತ್ತವನ್ನು ನೋಡಿ. ಅದರ ಒಂದು ಪೋಷಕ ತಳಿ ಫಿಲಿಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯದು, ಇನ್ನೊಂದು ಕೆಎಂಆರ್-3 ಮಂಡ್ಯದ್ದೇ. ಹೈಬ್ರಿಡ್ ಬೆಳೆಯ ಕಾಳನ್ನು ಮತ್ತೆ ಬಿತ್ತಿದರೆ ಮೊದಲಿನ ಬೆಳೆ ಬಾರದು. ಎರಡು ಮೂಲ ತಳಿಗಳನ್ನೂ ಶುದ್ಧವಾಗಿ ಉಳಿಸಿಕೊಂಡವರು ಮಾತ್ರ ವರ್ಷ ವರ್ಷವೂ ಹೊಸದಾಗಿ ಕಟ್ಟಬಲ್ಲರು. ಗದ್ದೆಯಲ್ಲಿಯೂ ಆಕರವೇ ಆಸ್ತಿ.

ಉತ್ತರ ಧ್ರುವದ ಹತ್ತಿರ ಸ್ವಾಲ್‌ಬಾರ್ಡ್ ಎಂಬ ಹಿಮದ ದ್ವೀಪಗಳಿವೆ. ಅಲ್ಲಿ 2008ರಲ್ಲಿ ಲೋಕದ ಬೆಳೆಗಳ ಬೀಜಗಳಿಗಾಗಿ ಬೆಟ್ಟದೊಳಗೆ ಒಂದು ಉಗ್ರಾಣ ತೆರೆದರು. ಅದೇ ದ್ವೀಪದ ಹಳೆಯ ಕಲ್ಲಿದ್ದಲ ಗಣಿಯೊಂದರಲ್ಲಿ 2020ರ ಜುಲೈನಲ್ಲಿ ಗಿಟ್‌ಹಬ್ ಕಂಪನಿಯವರು 21 ಟೆರಾಬೈಟ್ ಆಕರವನ್ನು 186 ಫಿಲ್ಮ್ ಸುರುಳಿಗಳಲ್ಲಿ ಇಟ್ಟುಬಂದರು. ಭತ್ತದ ಬೀಜವೂ ತಂತ್ರಾಂಶದ ಬೀಜವೂ ನೆರೆಹೊರೆಯಾದವು. ನಮ್ಮ ಹಗೇವಿನ ದೊಡ್ಡ ಮೊಮ್ಮಗ ಎಂದುಕೊಂಡೆ.

ಆ ಹಬ್ಬ ಮುಗಿಯುವ ಮುಂಚೆ ಹುಡುಗ ನಮ್ಮ ಸ್ಮರಣ ಸಂಚಿಕೆಗೂ ಒಂದು ಗಿಟ್ ಕಣಜ ಮಾಡಿಕೊಟ್ಟ. ಫ್ಲಾಪಿಯಲ್ಲಿ ಸಿಕ್ಕಿದ್ದನ್ನು ಪರಿವರ್ತಿಸಿ ಹಾಕಿದ. ಉಳಿದದ್ದನ್ನು ಅಚ್ಚಾದ ಪುಸ್ತಕ ನೋಡಿಕೊಂಡು ಮತ್ತೆ ಟೈಪು ಮಾಡಿದೆವು. ಒಂದು ಪ್ರತಿ ಮಂಡ್ಯದಲ್ಲಿ, ಒಂದು ಮದ್ದೂರಿನಲ್ಲಿ, ಒಂದು ಮಳವಳ್ಳಿಯಲ್ಲಿ. ಯಾವ ಪ್ರತಿ ಹೋದರೂ ಉಳಿದೆರಡರಲ್ಲಿ ಪೂರ್ತಿ ಇದೆ. ಹನ್ನೊಂದು ಪುಟಗಳ ಜಾಗದಲ್ಲಿ ಏನು ಹಾಕೋಣವೆಂಬ ಪ್ರಶ್ನೆ ಬಂದಾಗ, ಮೇಷ್ಟ್ರು ಓದಿ ಹೇಳಿದ್ದರಲ್ಲಿ ನನಗೆ ನೆನಪಿದ್ದಷ್ಟನ್ನು ನಾನು ಬರೆದೆ. ಇದು ಅಜ್ಜನ ಮಾತಲ್ಲ, ನನ್ನ ನೆನಪು ಎಂದು ಮೇಲೆ ನಮೂದಿಸಿದೆ. ಒಂದೂವರೆ ಪುಟವಾಯಿತು. ಬಾವುಟ ನೋಡಲು ಬಂದ ಜನಕ್ಕೆ ಬಿಸಿಲಿನಲ್ಲಿ ಬಿಂದಿಗೆ ಹೊತ್ತು ಅವನು ನೀರು ಕೊಟ್ಟದ್ದು ಅದರಲ್ಲಿತ್ತು.

ಕೆಲವು ತಿಂಗಳಾದ ಮೇಲೆ ಮದ್ದೂರಿನ ಕಡೆಯಿಂದ ಒಂದು ತಿದ್ದುಪಡಿ ಬಂತು. ಕಳಿಸಿದವಳು ಆ ಅಜ್ಜನ ಮೊಮ್ಮಗಳು. ಒಂದೇ ಪದ ತಿದ್ದಿದ್ದಳು; ಕಾರಣ ಬರೆಯುವ ಜಾಗದಲ್ಲಿ ಹೀಗೆ ಬರೆದಿದ್ದಳು: "ನೀರಲ್ಲ, ಮಜ್ಜಿಗೆ. ತಾತ ಇದನ್ನು ನಮಗೆ ನೂರು ಸಲ ಹೇಳಿದ್ದರು." ನಾನು ಒಪ್ಪಿ ಸೇರಿಸಿದೆ. ಈಗ ಪುಟದಲ್ಲಿ ಮಜ್ಜಿಗೆ ಇದೆ. ಹಿಂದಕ್ಕೆ ಹೋಗಿ ನೋಡಿದರೆ ನನ್ನ ನೀರೂ ಇದೆ, ಅದನ್ನು ತಿದ್ದಿದವಳ ಹೆಸರೂ ತಾರೀಖೂ ಇದೆ. ಇನ್ನೂ ಏನೇನು ಹೇಳಿದ್ದರು ಎಂದು ಅವಳನ್ನು ಕೇಳಿದ್ದೇನೆ. ನೆನಪಾದಾಗೆಲ್ಲ ಸೇರಿಸುತ್ತೇನೆಂದಿದ್ದಾಳೆ.